ಜಾಲಹಳ್ಳಿಯ ಗಾಜು, ಜೆ.ಸಿ. ನಗರದ ಗೋಪುರ

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನಕ್ಕೆ ಬಂತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಯಂತ್ರ ಬೇಡ, ಮತಪತ್ರವನ್ನೇ ಬಳಸಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡುವುದೆಂದು. ಅಂದು ರಾತ್ರಿ ಯಾವ ಸುದ್ದಿ ವಾಹಿನಿ ಹಾಕಿದರೂ ಅದೇ ಚರ್ಚೆ. ಪರದೆಯ ಚೌಕಗಳಲ್ಲಿ ಕೂತಿದ್ದ ಆರೇಳು ಜನ ಒಟ್ಟಿಗೇ ಕೂಗುತ್ತಿದ್ದರು. ಯಾರ ಮಾತೂ ಪೂರ್ತಿ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಕಣ್ಣು ಮೂಲೆಯಲ್ಲಿ ತೋರಿಸುತ್ತಿದ್ದ ನೀಲಿ ಗುಂಡಿಗಳ ಆ ಯಂತ್ರದ ಮೇಲೆಯೇ ನಿಂತಿತ್ತು.

ದೇಶಕ್ಕೆ ಮತಯಂತ್ರ ಮಾಡಿಕೊಡುವುದು ಎರಡೇ ಸಂಸ್ಥೆಗಳು. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ನಮ್ಮ ಜಾಲಹಳ್ಳಿಯ ಬಿಇಎಲ್. 1989ರಲ್ಲಿ ಬಿಇಎಲ್ ಮೊದಲ ಕಂತಿನಲ್ಲೇ 75,000 ಯಂತ್ರಗಳನ್ನು ತಯಾರಿಸಿತು. ನನ್ನ ಚಿಕ್ಕಪ್ಪ ಆ ಕಾರ್ಖಾನೆಯಲ್ಲಿ ಇದ್ದವರು. ಮತಯಂತ್ರದ ವಿಭಾಗದಲ್ಲಲ್ಲ, ಟಿವಿಯ ಪಿಕ್ಚರ್ ಟ್ಯೂಬು ಮಾಡುವ ಕಡೆ. ಚಿಕ್ಕಪ್ಪ ತೀರಿಕೊಂಡು ವರ್ಷಗಳಾದವು. ಅವರು ಇದ್ದಿದ್ದರೆ ಆ ಚರ್ಚೆಗೆ ಏನನ್ನುತ್ತಿದ್ದರು ಎಂದು ಯೋಚಿಸುತ್ತ ಹೋದವನಿಗೆ ಎಂಬತ್ತರ ದಶಕದ ಆರ್.ಟಿ. ನಗರ, ಅವರ ಟೇಪ್ ರೆಕಾರ್ಡರು, ಎದುರು ಸಾಲಿನ ಮೇಷ್ಟ್ರ ಮನೆ ಎಲ್ಲವೂ ಬಂದು ಎದುರಿಗೆ ನಿಂತವು.

ಬಿಇಎಲ್ ಶುರುವಾದದ್ದು 1954ರಲ್ಲಿ, ಸೇನೆಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ. ಆದರೆ 1970ರ ಹೊತ್ತಿಗೇ ಅಲ್ಲಿ ಕಪ್ಪು ಬಿಳುಪು ಟಿವಿಯ ಪಿಕ್ಚರ್ ಟ್ಯೂಬು ತಯಾರಾಗುತ್ತಿತ್ತು. ಎರಡು ವರ್ಷಕ್ಕೆ ದೂರದರ್ಶನಕ್ಕೆ ಬೇಕಾದ ಟ್ರಾನ್ಸ್‌ಮಿಟರುಗಳನ್ನೂ ಮಾಡತೊಡಗಿದರು. ಬೆಂಗಳೂರಿನ ಮನೆಗಳಲ್ಲಿ ಟಿವಿ ಕಾಣಿಸಿಕೊಳ್ಳುವುದಕ್ಕೆ ಹತ್ತು ವರ್ಷ ಮೊದಲೇ ಟಿವಿಯ ಗಾಜು ಜಾಲಹಳ್ಳಿಯಲ್ಲಿ ಸಿದ್ಧವಾಗುತ್ತಿತ್ತು ಎಂದಾಯಿತು. ಗಾಜಿನ ಬುರುಡೆಯ ಒಳಮೈಗೆ ಹೊಳೆಯುವ ಪುಡಿಯ ಲೇಪ ಕೊಟ್ಟು, ಕುತ್ತಿಗೆಯೊಳಗೆ ಎಲೆಕ್ಟ್ರಾನ್ ಗನ್ ಕೂರಿಸಿ, ಒಳಗಿನ ಗಾಳಿಯನ್ನೆಲ್ಲ ಹೀರಿ ಮುಚ್ಚುವ ಕೆಲಸವನ್ನು ಚಿಕ್ಕಪ್ಪ ಊಟಕ್ಕೆ ಕೂತಾಗ ಕೈಸನ್ನೆ ಮಾಡಿ ವಿವರಿಸುತ್ತಿದ್ದರು. ಒಳಗೆ ಗಾಳಿಯಿಲ್ಲದ ಕಾರಣ ಟ್ಯೂಬು ಒಡೆದರೆ ಗಾಜು ಒಳಕ್ಕೆ ಕುಸಿದು ಚೂರು ಎಲ್ಲೆಡೆ ಸಿಡಿಯುತ್ತದೆ, ಅದಕ್ಕೇ ಕೈಯಲ್ಲಿ ದಪ್ಪನೆ ಗವಸು ಎನ್ನುತ್ತಿದ್ದರು. ಅಷ್ಟು ಟ್ಯೂಬು ಮಾಡಿದ ಅವರಿಗೆ ಸ್ವಂತ ಟಿವಿ ಇರಲಿಲ್ಲ. ನಮ್ಮದು ಕೂಡು ಕುಟುಂಬ. ಅಪ್ಪನ ಗುಮಾಸ್ತೆಯ ಸಂಬಳ, ಚಿಕ್ಕಪ್ಪನ ಫ್ಯಾಕ್ಟರಿ ಸಂಬಳ ಸೇರಿದರೂ ತಿಂಗಳ ಕೊನೆಗೆ ಏನೂ ಉಳಿಯುತ್ತಿರಲಿಲ್ಲ.

ಬೀದಿಯ ಮೊದಲ ಟಿವಿ ಬಂದದ್ದು ಎದುರು ಸಾಲಿನ ಮೇಷ್ಟ್ರ ಮನೆಗೆ. ಅವರು ಉರ್ದು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಅವರ ಹೆಂಡತಿಯನ್ನು ಆ ಮನೆಗೆ ಬರುತ್ತಿದ್ದ ಹುಡುಗರು ಖಾಲಾ ಎನ್ನುತ್ತಿದ್ದರು, ನಮಗೂ ಅವರು ಖಾಲಾ ಆದರು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಜೆ.ಸಿ. ನಗರದಲ್ಲಿ ಕೇಂದ್ರ ನೆಲೆಯಾಗಿ ಗೋಪುರ ಎದ್ದ ಮೇಲೆ ನಮ್ಮ ಬೀದಿಯ ಮಹಡಿ ಹತ್ತಿದರೆ ಅದು ಕಣ್ಣೆದುರಿಗೇ. ಬಸ್ ಸ್ಟಾಪಿಗೂ ಟಿವಿ ಟವರ್ ಎಂಬ ಹೆಸರೇ ಬಂತು. ಬೇರೆ ಬಡಾವಣೆಯವರು ಮಳೆ ಗಾಳಿಯಲ್ಲಿ ಮಹಡಿ ಹತ್ತಿ ಆಂಟೆನಾ ತಿರುಗಿಸುತ್ತಿದ್ದರೆ, ಗೋಪುರದ ಮಗ್ಗುಲಲ್ಲೇ ಇದ್ದ ನಮಗೆ ಆ ಕಷ್ಟ ಇರಲಿಲ್ಲ. ಆರ್.ಟಿ. ನಗರದ ಹುಡುಗರಿಗೆ ಅದೊಂದು ಹೆಮ್ಮೆ.

ಮೇಷ್ಟ್ರ ಮನೆಯ ಟಿವಿಗೆ ಮರದ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಬಾಗಿಲು. ಅದನ್ನು ತಂದ ದಿನ ಚಿಕ್ಕಪ್ಪ ಹೋಗಿ ಹಿಂಬದಿಯ ಜಾಲರಿಯೊಳಗೆ ಬಗ್ಗಿ ನೋಡಿ, "ಇದರ ಟ್ಯೂಬು ನಮ್ಮದೇ ಇರಬಹುದು ಮೇಷ್ಟ್ರೇ" ಎಂದರು. ಮೇಷ್ಟ್ರು, "ಹಂಗಾದ್ರೆ ದಿನಾ ಬಂದು ನಿಮ್ಮ ಮಾಲು ನೀವೇ ನೋಡ್ಕೊಂಡು ಹೋಗಿ" ಎಂದರು. ಅಂದಿನಿಂದ ಸಂಜೆಯಾದರೆ ಚಿಕ್ಕಪ್ಪನ ಬಿಇಎಲ್ ಬಸ್ಸು ಮುಖ್ಯ ರಸ್ತೆಯಲ್ಲಿ ನಿಲ್ಲುವುದು, ಅವರು ಕೈಕಾಲು ತೊಳೆದು ಎದುರು ಮನೆಗೆ ಹೋಗುವುದು, ಹಿಂದೆ ನಾವು.

ಆ ನಡುಮನೆಯಲ್ಲಿ ಕೂತು ನೋಡಿದ್ದನ್ನೆಲ್ಲ ಹೇಳುತ್ತ ಹೋದರೆ ಮುಗಿಯದು. 1983ರ ಜೂನ್ ಇಪ್ಪತ್ತೈದರ ರಾತ್ರಿ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ಕಪ್ ಎತ್ತಿದ್ದು, ಮರುವರ್ಷದ ಹಮ್ ಲೋಗ್, ಚಂದ್ರು ಅವರ ಹೆಸರಿಗೇ ಅಂಟಿಕೊಂಡು ಬಿಟ್ಟ ಸಿಹಿಕಹಿ ಧಾರಾವಾಹಿ, ವಾರಕ್ಕೊಮ್ಮೆ ಬರುತ್ತಿದ್ದ ಚಿತ್ರಮಂಜರಿ. ಎಲ್ಲಕ್ಕಿಂತ ಮೇಲೆ ನನ್ನ ಪಾಲಿಗೆ ಮಾಲ್ಗುಡಿ ಡೇಸ್. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದರು. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತ, ಆರ್.ಕೆ. ಲಕ್ಷ್ಮಣರ ಗೆರೆಗಳು, ಮಾಸ್ಟರ್ ಮಂಜುನಾಥನ ಟೋಪಿ. ಆ ಊರಿನ ಮನೆ, ಜಗಲಿ, ಮಳೆ, ಮುಖಗಳೆಲ್ಲ ನಮ್ಮವೇ. ಬಾಯಲ್ಲಿ ಬರುವ ಮಾತು ಮಾತ್ರ ಹಿಂದಿ. ಅದೇಕೆ ಹಾಗೆ ಎಂದು ಆಗ ನಮ್ಮ ಬೀದಿಯಲ್ಲಿ ಯಾರೂ ಕೇಳಿದ ನೆನಪಿಲ್ಲ. ದೆಹಲಿಯಿಂದ ಬರುವ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ 1982ರ ಆಗಸ್ಟ್ 15ರಿಂದ ದೇಶಕ್ಕೆಲ್ಲ ಒಂದೇ ಆಗಿತ್ತು. ಅದು ಹಿಂದಿಯಲ್ಲೇ ಇರುತ್ತದೆ ಎಂದು ನಾವು ಒಪ್ಪಿಕೊಂಡಾಗಿತ್ತು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿ ಹೋದರು ಎಂಬ ಸುದ್ದಿ ಬಂದಾಗ ನಮ್ಮ ಬೀದಿಯ ಆಟೋದವರೆಲ್ಲ ಗಾಡಿ ನಿಲ್ಲಿಸಿ ಒಂದೆಡೆ ಕೂತಿದ್ದರು. ಅಷ್ಟು ಬೇಗ ಅಷ್ಟು ಜನರ ಮನೆಯವರಾದ ಇನ್ನೊಬ್ಬ ಕಲಾವಿದರನ್ನು ನಾನು ಕಂಡಿಲ್ಲ.

ರಾಮಾಯಣ 1987ರ ಜನವರಿಯಲ್ಲಿ ಶುರುವಾಯಿತು. ಭಾನುವಾರ ಬೆಳಗ್ಗೆ ಖಾಲಾ ಬೇಗನೆ ಕೆಲಸ ಮುಗಿಸಿ ನಡುಮನೆಗೆ ಚಾಪೆ ಹಾಸಿಡುತ್ತಿದ್ದರು. ನಮ್ಮ ಅಜ್ಜಿ ಸ್ನಾನ ಮಾಡಿ ಮಡಿಸೀರೆಯಲ್ಲೇ ಬಂದು ಕೂರುತ್ತಿದ್ದರು. ಪಕ್ಕದ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹಿಂದೆ ಮುಂದೆ ನೋಡುವ ಅಜ್ಜಿ ರಾಮನ ನೆಪದಲ್ಲಿ ಸಾಯಬರ ಮನೆಯ ಚಾಪೆ ಮೇಲೆ ಕೂತದ್ದು ಸಣ್ಣ ಸಂಗತಿಯಲ್ಲ. ಹಿಂದಿನ ಬೀದಿಯ ಶೀಟಿನ ಮನೆಗಳ ಗಾರೆ ಕೆಲಸದವರ ಮಕ್ಕಳೂ ಬರುತ್ತಿದ್ದರು, ಅವರಿಗೂ ಅದೇ ಚಾಪೆ. 1988ರ ಅಕ್ಟೋಬರ್ 2ರಂದು ಮಹಾಭಾರತ ಬಂತು. ಮೊದಲ ವಾರವೇ ಮೇಷ್ಟ್ರು ನನ್ನನ್ನು ಹತ್ತಿರ ಕರೆದು, "ಈ ಮಾತೆಲ್ಲ ಬರೆದೋರು ಯಾರು ಗೊತ್ತೇನಪ್ಪಾ? ರಾಹಿ ಮಾಸೂಮ್ ರಜಾ ಸಾಹೇಬ್ರು" ಎಂದರು. ಅರ್ಧ ಊರು ಎಂಬರ್ಥದ ಅವರ ಕಾದಂಬರಿ ಆಧಾ ಗಾಂವ್ ಬಗ್ಗೆಯೂ ಹೇಳಿದರು. ದೇಶಕ್ಕೆ ದೇಶವೇ ಕೈಮುಗಿದು ಕೂತು ಕೇಳುತ್ತಿದ್ದ ಕೃಷ್ಣನ ಮಾತನ್ನು ಒಬ್ಬ ಮುಸ್ಲಿಮ್ ಲೇಖಕ ಬರೆದಿದ್ದಾರೆ ಎಂಬುದು ಅವರಿಗೆ ಎಷ್ಟು ಸಂತೋಷದ ಸಂಗತಿ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಪ್ರತಿ ಭಾನುವಾರ ಶೀರ್ಷಿಕೆಯಲ್ಲಿ ಆ ಹೆಸರು ಬರುವ ಹೊತ್ತಿಗೆ ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗುತ್ತಿದ್ದರು.

ಮಹಾಭಾರತ ಅರ್ಧದಲ್ಲಿರುವಾಗ ನಮ್ಮ ಮನೆಗೂ ಟಿವಿ ಬಂತು. ಚಿಕ್ಕಪ್ಪ ಸಾಲ ಮಾಡಿ ತಂದರು. ಆ ಭಾನುವಾರದಿಂದ ನಾವು ಎದುರು ಮನೆಗೆ ಹೋಗಲಿಲ್ಲ. ಶೀಟಿನ ಮನೆಯ ಮಕ್ಕಳು ಹೊಸ ಟಿವಿಯ ಆಸೆಗೆ ನಮ್ಮ ಬಾಗಿಲಿಗೆ ಬಂದರೆ ಅಜ್ಜಿ ಅವರನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಕಿಟಕಿ ತೆರೆದಿಟ್ಟರು. ಆ ಮಕ್ಕಳು ಎರಡು ವಾರ ಕಿಟಕಿಯಿಂದ ನೋಡಿ ಮತ್ತೆ ಖಾಲಾ ಮನೆಯ ಚಾಪೆಗೇ ಹೋದರು. ಒಂದು ಟಿವಿಗೆ ಹತ್ತು ಮನೆಯವರು ಕೂಡುತ್ತಿದ್ದರು, ಆ ಕಾಲ ಎಂಥ ಕಾಲ ಎಂದು ನಮ್ಮ ತಲೆಮಾರಿನವರು ಬರೆಯುತ್ತಲೇ ಇದ್ದೇವೆ. ಕೂಡಿದ್ದು ನಿಜ. ಯಾರ ಮನೆಯಲ್ಲಿ ಯಾರು ಎಲ್ಲಿ ಕೂತಿದ್ದರು ಎಂಬುದನ್ನೂ ಅದರ ಜೊತೆಗೇ ಬರೆಯಬೇಕು.

ಹಾಡಿನ ಲೋಕ ಚಿಕ್ಕಪ್ಪನದು. ಮೊದಲ ಬೋನಸ್ಸಿನಲ್ಲಿ ತಂದ ಟೇಪ್ ರೆಕಾರ್ಡರು, ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್. ಇವರಲ್ಲಿ ಅಶ್ವತ್ಥ್ ಎಂದರೆ ಚಿಕ್ಕಪ್ಪನಿಗೆ ಪ್ರಾಣ, ಅದಕ್ಕೆ ಗಾಯನದ ಜೊತೆಗೆ ಇನ್ನೊಂದು ಕಾರಣವಿತ್ತು: ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. "ಅವರೂ ನಮ್ಮ ಹಾಗೆ ಬೆಳಗ್ಗೆ ಪಂಚ್ ಮಾಡಿ ಒಳಗೆ ಹೋಗೋರು ಕಣೋ" ಎನ್ನುತ್ತಿದ್ದರು. ಇದನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಿಇಎಲ್, ಎಚ್‌ಎಂಟಿ, ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ಕನ್ನಡ ಸಂಘಗಳು ಇಲ್ಲದಿದ್ದರೆ ಬೆಂಗಳೂರಿನಲ್ಲಿ ಕನ್ನಡ ಹಾಡಿಗೆ, ನಾಟಕಕ್ಕೆ ಅಷ್ಟು ಕೇಳುಗರು ಇರುತ್ತಿರಲಿಲ್ಲ. ನವೆಂಬರ್ ಪೂರ್ತಿ ಜಾಲಹಳ್ಳಿ, ಯಶವಂತಪುರದ ಕಡೆ ದಿನಕ್ಕೊಂದು ರಾಜ್ಯೋತ್ಸವ. ಬಿಇಎಲ್, ಎಚ್‌ಎಂಟಿ ಕಾಲೊನಿಗಳ ಮೈದಾನದಲ್ಲಿ ಆರ್ಕೆಸ್ಟ್ರಾ ಕೇಳಿ, ಯಶವಂತಪುರದ ಸೋಪಿನ ಕಾರ್ಖಾನೆಯ ಗಂಧದ ವಾಸನೆ ಹಾಯ್ದು, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ನಾನು ಮನೆಗೆ ಬರುತ್ತಿದ್ದೆ. ಬರುವ ದಾರಿಯುದ್ದಕ್ಕೂ ಚಿಕ್ಕಪ್ಪ ಹಾಡುತ್ತಿದ್ದರು. ಶ್ರುತಿ ನಿಲ್ಲುತ್ತಿರಲಿಲ್ಲ, ಭಾವ ನಿಲ್ಲುತ್ತಿತ್ತು.

ಚಿಕ್ಕಪ್ಪನ ರಾಜಕೀಯವೂ ಕಾರ್ಖಾನೆಯಿಂದಲೇ ಬಂದದ್ದು. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಮೀರಿದ ಕಾರ್ಮಿಕರು ಮುಷ್ಕರ ಹೂಡಿದರು. 77 ದಿನ ನಡೆಯಿತು ಅದು. ಅಷ್ಟು ದಿನ ಚಿಕ್ಕಪ್ಪನಿಗೆ ಸಂಬಳವಿಲ್ಲ. ಮೇಷ್ಟ್ರು ಅಪ್ಪನ ಕೈಗೆ ದುಡ್ಡು ಕೊಟ್ಟು, ಆದಾಗ ಕೊಡಿ ಎಂದಿದ್ದರಂತೆ, ಇದನ್ನು ಅಮ್ಮ ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ಮುಷ್ಕರದ ಬೆನ್ನಲ್ಲೇ ಗೋಕಾಕ್ ಚಳವಳಿ. 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದಾಗ ಚಿಕ್ಕಪ್ಪ ಫ್ಯಾಕ್ಟರಿಯ ಗೆಳೆಯರೊಡನೆ ಮೆರವಣಿಗೆಗೆ ಹೋಗಿ ಗಂಟಲು ಕಟ್ಟಿಸಿಕೊಂಡು ಬಂದರು. ಕರ್ನಾಟಕದ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂದು ಕೇಳುವುದರಲ್ಲಿ ತಪ್ಪೇನಿತ್ತು? ಆ ಚಳವಳಿ ನ್ಯಾಯದ್ದು ಎಂದು ನಾನು ಈಗಲೂ ನಂಬುತ್ತೇನೆ.

ಮೇಷ್ಟ್ರಿಗೂ ಹಾಡಿನ ಹುಚ್ಚು. ಅವರದು ರಫಿ, ಬೇಗಂ ಅಖ್ತರ್, ರೇಡಿಯೋ ಸಿಲೋನ್. ಇಬ್ಬರೂ ಒಪ್ಪುತ್ತಿದ್ದ ದನಿ ಪಿ.ಬಿ. ಶ್ರೀನಿವಾಸ್ ಅವರದು. ಕಾಕಿನಾಡದಲ್ಲಿ ಹುಟ್ಟಿ ರಾಜ್‌ಕುಮಾರರ ದನಿಯಾದ ಪಿ.ಬಿ.ಎಸ್ ಉರ್ದುವಿನಲ್ಲಿ ಗಜಲ್ ಬರೆಯುತ್ತಿದ್ದರು ಎಂಬುದನ್ನು ಚಿಕ್ಕಪ್ಪನಿಗೆ ಹೇಳಿದವರೇ ಮೇಷ್ಟ್ರು. "ನಿಮ್ಮ ಅಣ್ಣಾವ್ರ ದನಿಗೆ ನಮ್ಮ ಉರ್ದುನೂ ಬರುತ್ತೆ" ಎಂದು ಅವರು ಹೇಳಿದರೆ ಚಿಕ್ಕಪ್ಪ ನಗುತ್ತಿದ್ದರು. ಪ್ರತಿಯಾಗಿ ಚಿಕ್ಕಪ್ಪ ಕೊಟ್ಟದ್ದು ಶಿಶುನಾಳ ಶರೀಫರನ್ನು. ಮುಸ್ಲಿಮ್ ಮನೆಯಲ್ಲಿ ಹುಟ್ಟಿ, ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶರೀಫರ ತತ್ವಪದಗಳನ್ನು ಅಶ್ವತ್ಥ್ ಮನೆ ಮನೆಗೆ ಮುಟ್ಟಿಸಿದ ಕಾಲ ಅದು. 1990ರಲ್ಲಿ ನಾಗಾಭರಣರ ಸಂತ ಶಿಶುನಾಳ ಶರೀಫ ಚಿತ್ರ ಬಂದಾಗ ಎರಡು ಮನೆಯವರೂ ಒಟ್ಟಿಗೆ ಹೋಗಿ ನೋಡಿದೆವು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂದ ದಿನ ಖಾಲಾ ಶೀರ್ ಖುರ್ಮಾ ಮಾಡಿ ಕಳಿಸಿದ್ದರು. ಅಜ್ಜಿ ಅದನ್ನು ಮುಟ್ಟಲಿಲ್ಲ, ನಾವೆಲ್ಲ ತಿಂದೆವು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಿಹಿ ನೆನಪಾಗಿಯೇ ಉಳಿಯುತ್ತಿತ್ತು.

1994ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬೆಂಗಳೂರು ದೂರದರ್ಶನ ಸಂಜೆ ಕನ್ನಡ ವಾರ್ತೆಯ ನಂತರ ಹತ್ತು ನಿಮಿಷದ ಉರ್ದು ಸುದ್ದಿಯನ್ನು ಶುರುಮಾಡಿತು. ವಿಧಾನಸಭೆ ಚುನಾವಣೆ ಹತ್ತಿರವಿತ್ತು, ವೀರಪ್ಪ ಮೊಯ್ಲಿ ಮುಖ್ಯಮಂತ್ರಿ. ಓಟಿಗಾಗಿ ಮಾಡಿದ್ದು ಎಂದು ಒಂದು ಮಾತು, ಕನ್ನಡಕ್ಕೇ ಸಮಯ ಸಾಲದಿರುವಾಗ ಇದೇಕೆ ಎಂದು ಇನ್ನೊಂದು ಮಾತು. ಪ್ರತಿಭಟನೆ ನಾಲ್ಕೈದು ದಿನದಲ್ಲಿ ಗಲಭೆಯಾಯಿತು. ಅಂಗಡಿ, ಮನೆಗಳಿಗೆ ಬೆಂಕಿ ಬಿತ್ತು, ಚೂರಿ ಇರಿತಗಳಾದವು, ಕರ್ಫ್ಯೂ ಬಂತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ನಿಮಿಷದ ಸುದ್ದಿಗೆ.

ಆ ಸುದ್ದಿ ಪ್ರಸಾರವಾಗುತ್ತಿದ್ದದ್ದು ನಮ್ಮ ಮಹಡಿಯಿಂದ ಕಾಣುತ್ತಿದ್ದ ಅದೇ ಗೋಪುರದಿಂದ. ಕೇಂದ್ರದ ಗೇಟಿನ ಮುಂದೆ ಪೊಲೀಸ್ ವ್ಯಾನುಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರ ಮನೆ ಬಾಗಿಲು ದಿನವಿಡೀ ಮುಚ್ಚಿತ್ತು. ಮೊದಲ ಸಂಜೆ ಅವರು ಟಿವಿಯ ಮುಂದೆ ಕೂತು ಆ ಹತ್ತು ನಿಮಿಷವನ್ನು ಎಷ್ಟು ಸಂತೋಷದಿಂದ ನೋಡಿರಬಹುದು ಎಂದು ನಾನು ಊಹಿಸಬಲ್ಲೆ. ರಾಹಿ ಸಾಹೇಬರ ಹೆಸರಿಗೇ ಅಷ್ಟು ಹಿಗ್ಗುತ್ತಿದ್ದವರು ಅವರು.

ನಮ್ಮ ಮನೆಯಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟು: "ನಮಗೆ ಅವರ ಮೇಲೆ ಏನೂ ಇಲ್ಲ. ಆದರೆ ಇದು ಕನ್ನಡದ ಜಾಗ." ಅವರು ಕೆಟ್ಟವರಲ್ಲ, ಕಲ್ಲು ಹಿಡಿದವರೂ ಅಲ್ಲ. ಆದರೂ ಅವರ ಆ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿಯ ಅಷ್ಟು ಗಂಟೆಗಳನ್ನು ಹಿಂದಿ ತೆಗೆದುಕೊಂಡಾಗ ನಮ್ಮ ಬೀದಿ ಸುಮ್ಮನೆ ನೋಡಿತು. ಕನ್ನಡಿಗರೇ ನಟಿಸಿದ ಮಾಲ್ಗುಡಿ ಹಿಂದಿಯಲ್ಲಿ ಮಾತಾಡಿದರೂ ಚಪ್ಪಾಳೆ ಹೊಡೆಯಿತು. ಉರ್ದು ಎಲ್ಲಿಂದಲೋ ಬಂದ ಭಾಷೆಯಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ, ಕನ್ನಡದೊಡನೆ ಕೊಟ್ಟು ತೆಗೆದುಕೊಂಡು ಶತಮಾನಗಳಿಂದ ಇರುವ ಮಾತು. ದೆಹಲಿಯ ಮೇಲೆ ಇರಬೇಕಿದ್ದ ಸಿಟ್ಟು ಎದುರು ಮನೆಯ ಬಾಗಿಲಿಗೆ ಹೋಯಿತು, ಏಕೆಂದರೆ ದೆಹಲಿ ದೂರ, ಎದುರು ಮನೆ ಹತ್ತಿರ. ಚುನಾವಣೆಗೆ ಮುಂಚೆ ಅವಸರದಲ್ಲಿ ಅದನ್ನು ತಂದ ಸರಕಾರದ ಲೆಕ್ಕಾಚಾರ ಸರಿಯಿತ್ತು ಎಂದು ನಾನು ಹೇಳುತ್ತಿಲ್ಲ. ಆ ಲೆಕ್ಕಾಚಾರಕ್ಕೆ ಪ್ರಾಣ ಕೊಟ್ಟವರು ಬಡವರು.

ಗಲಭೆಯ ನಂತರ ಆ ಸುದ್ದಿ ನಿಂತಿತು. ಮೂರು ವಾರಕ್ಕೆ ನವೆಂಬರ್ ಬಂತು. ನಮ್ಮ ಬೀದಿಯ ಕೊನೆಯಲ್ಲಿ ಪೆಂಡಾಲು ಹಾಕಿ, ಬಾವುಟ ಹಾರಿಸಿ, ಸ್ಪೀಕರಿನಲ್ಲಿ ಹಾಡು ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಮತ್ತೆ ಮತ್ತೆ ಬಂದದ್ದು ಶರೀಫರ ಪದಗಳು. ಮುಚ್ಚಿದ ಬಾಗಿಲಿನ ಹಿಂದೆ ಮೇಷ್ಟ್ರಿಗೂ ಅವು ಕೇಳಿಸಿರಬೇಕು. ಹಾಡು ಮನಸ್ಸನ್ನು ಹದ ಮಾಡುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಸುಲಭವಾಗಿ ನಂಬುವುದಿಲ್ಲ. ಹಾಡನ್ನು ಬಾಯಿಪಾಠ ಮಾಡಿಯೂ ಅದು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಇರಬಹುದು.

ಮರುವರ್ಷ ಮೇಷ್ಟ್ರು ಮನೆ ಮಾರಿ ಮಗಳ ಮನೆಯ ಕಡೆ ಹೋದರು. ಕಾರಣ ಅವರು ಹೇಳಲಿಲ್ಲ, ನಮ್ಮ ಮನೆಯವರು ಕೇಳಲಿಲ್ಲ. ಹೋಗುವ ದಿನ ಖಾಲಾ ಅಮ್ಮನಿಗೆ ಒಂದು ಕರಿಬೇವಿನ ಗಿಡ ಕೊಟ್ಟು ಹೋದರು. ಈಗ ಆ ಜಾಗದಲ್ಲಿ ಐದು ಮಹಡಿಯ ಪಿಜಿ ಇದೆ.

2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥ್ ಕನ್ನಡವೇ ಸತ್ಯ ಕಾರ್ಯಕ್ರಮ ನಡೆಸಿದರು. ಮೇಕ್ರಿ ಸರ್ಕಲ್ಲಿನಿಂದ ಜಯಮಹಲ್ ರಸ್ತೆಯವರೆಗೆ ಜನವೋ ಜನ. ನಿವೃತ್ತರಾಗಿದ್ದ ಚಿಕ್ಕಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಭಾವಗೀತೆ ಕೇಳುವುದಕ್ಕೆ ಅಷ್ಟು ಜನ ಸೇರಿದ್ದನ್ನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಶರೀಫರ ಪದ ಬಂದಾಗ ಚಿಕ್ಕಪ್ಪನ ಕಣ್ಣಲ್ಲಿ ನೀರು. ವಾಪಸು ನಡೆದು ಬರುವಾಗ, "ಮೇಷ್ಟ್ರು ಎಲ್ಲಿದ್ದಾರೋ ಏನೋ" ಎಂದರು. ಅಷ್ಟೇ. ಉರ್ದು ಸುದ್ದಿಯ ಬಗ್ಗೆ ಅವರ ಅಭಿಪ್ರಾಯ ಕೊನೆವರೆಗೂ ಬದಲಾಗಲಿಲ್ಲ. ಪ್ರೀತಿ ಒಂದು ಕಡೆ, ಅಭಿಪ್ರಾಯ ಇನ್ನೊಂದು ಕಡೆ ಇಟ್ಟುಕೊಂಡೇ ಬದುಕಿದರು. ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟಿದ ದಿನವೇ ಹೋದಾಗ ಚಿಕ್ಕಪ್ಪ ಎರಡು ಹೊತ್ತು ಊಟ ಮಾಡಲಿಲ್ಲ. ಕುವೆಂಪು ಅವರ ನಾಡಗೀತೆಗೆ ಯಾರ ಧಾಟಿ ಎಂಬ ಜಗಳಕ್ಕೆ 2022ರಲ್ಲಿ ಸರಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಿತು. ಅದನ್ನು ಕೇಳಲು ಚಿಕ್ಕಪ್ಪ ಇರಲಿಲ್ಲ. ನನಗೆ ಅನಂತಸ್ವಾಮಿ, ಅಶ್ವತ್ಥ್ ಇಬ್ಬರ ಧಾಟಿಯೂ ಬೇಕು.

ದೂರದರ್ಶನದ ಬಗ್ಗೆಯೂ ಒಂದು ಮಾತು ನೇರವಾಗಿ ಹೇಳಬೇಕು. ಆ ಕಾಲದ ವಾರ್ತೆ ಸರಕಾರದ ವಾರ್ತೆ. ಪ್ರಧಾನಿ ಏನು ಉದ್ಘಾಟಿಸಿದರು ಎಂಬುದು ಮೊದಲು, ಬೊಫೋರ್ಸ್ ಗದ್ದಲ ಇದ್ದರೆ ಎಲ್ಲೋ ಕೊನೆಗೆ. ಅಧಿಕಾರ ಹಿಡಿದವರಿಗೆ ಕಷ್ಟದ ಪ್ರಶ್ನೆಯೊಂದನ್ನು ಅಲ್ಲಿ ಕೇಳಿದ್ದು ನನಗೆ ನೆನಪಿಲ್ಲ. 1994ರಲ್ಲೇ ಉದಯ ಟಿವಿ ಬಂತು, ತೆಂಗಿನಮರದಿಂದ ತೆಂಗಿನಮರಕ್ಕೆ ಕೇಬಲ್ಲು ಎಳೆದರು. ಖಾಸಗಿ ಸುದ್ದಿ ವಾಹಿನಿಗಳು ಬಂದಾಗ ಇನ್ನಾದರೂ ಯಾರೋ ಪ್ರಶ್ನೆ ಕೇಳುತ್ತಾರೆ ಎಂದು ನಾನು ನಿಜವಾಗಿ ಆಸೆಪಟ್ಟಿದ್ದೆ. ಆದರೂ ಮಧ್ಯಾಹ್ನದ ಹೊತ್ತು ಹೆಂಗಸರೂ ಗಂಡಸರೂ ಕೆಲಸ ಬಿಟ್ಟು ಕೂತು ನೋಡಿದ ಟಿ.ಎನ್. ಸೀತಾರಾಮ್ ಬಳಗದ ಮಾಯಾಮೃಗವನ್ನು 1998ರಲ್ಲಿ ಕೊಟ್ಟದ್ದು ಮತ್ತೆ ದೂರದರ್ಶನವೇ. 2002ರಿಂದ ಇಂದಿನವರೆಗೂ ಡಾ. ನಾ. ಸೋಮೇಶ್ವರ ಅವರು ಥಟ್ ಅಂತ ಹೇಳಿ ಎಂದು ಪ್ರಶ್ನೆ ಕೇಳಿ, ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಿರುವುದೂ ಅದೇ ದೂರದರ್ಶನದ ಚಂದನ ವಾಹಿನಿಯಲ್ಲಿ.

ಸುದ್ದಿ ವಾಹಿನಿಗಳು ಪ್ರಶ್ನೆ ಕೇಳಲಿಲ್ಲವೆಂದಲ್ಲ, ಕೇಳಬೇಕಾದದ್ದನ್ನು ಕೇಳಲಿಲ್ಲ. 2019ರ ಜುಲೈನಲ್ಲಿ ಸಮ್ಮಿಶ್ರ ಸರಕಾರ ಅಲುಗಾಡಿದಾಗ ಶಾಸಕರನ್ನು ಕೂಡಿಹಾಕಿದ್ದು ನಮ್ಮ ಕಡೆಯೇ. ಒಂದು ಪಕ್ಷದವರು ಯಲಹಂಕದ ಕಡೆಯ ರೆಸಾರ್ಟಿನಲ್ಲಿ, ಇನ್ನೊಂದು ಪಕ್ಷದವರು ಯಶವಂತಪುರದ ಹೋಟೆಲಿನಲ್ಲಿ, ಮತ್ತೊಂದು ಪಕ್ಷದವರು ದೇವನಹಳ್ಳಿ ಆಚೆ. ಹೆಬ್ಬಾಳದ ಮೇಲ್ಸೇತುವೆ ಮೇಲೆ ಬಸ್ಸುಗಳ ಹಿಂದೆ ಕ್ಯಾಮೆರಾ ಗಾಡಿಗಳು ಓಡಿದವು. ಯಾರು ಯಾವ ಕೋಣೆಯಲ್ಲಿ ಯಾವ ತಿಂಡಿ ತಿಂದರು ಎಂದು ಇಡೀ ದಿನ ತೋರಿಸಿದರು. ಜುಲೈ 23ರಂದು 99ಕ್ಕೆ 105ರಂತೆ ಸರಕಾರ ಬಿತ್ತು. ಮರುವರ್ಷ ಆಗಸ್ಟ್ 11ರ ರಾತ್ರಿ ಪಕ್ಕದ ಕಾವಲ್ ಭೈರಸಂದ್ರ, ಡಿ.ಜೆ. ಹಳ್ಳಿಯಲ್ಲಿ ಫೇಸ್‌ಬುಕ್ಕಿನ ಒಂದು ಬರಹಕ್ಕೆ ಸಿಟ್ಟಿಗೆದ್ದ ಗುಂಪು ಶಾಸಕರ ಮನೆ, ಪೊಲೀಸ್ ಠಾಣೆಗಳಿಗೆ ಬೆಂಕಿ ಇಟ್ಟಿತು. ಗೋಲಿಬಾರಿನಲ್ಲಿ ಜೀವಗಳು ಹೋದವು. ಆ ಗುಂಪು ಮಾಡಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಟಿವಿಯಲ್ಲಿ ರಾತ್ರಿಯಿಡೀ ಅದೇ ಬೆಂಕಿ. ಅದೇ ರಾತ್ರಿ ಅಲ್ಲಿನ ಮುಸ್ಲಿಮ್ ಯುವಕರು ದೇವಸ್ಥಾನವೊಂದರ ಸುತ್ತ ಕೈಗೆ ಕೈ ಹಿಡಿದು ಕಾವಲು ನಿಂತಿದ್ದರು. ಅದನ್ನು ನಾನು ನೋಡಿದ್ದು ಫೋನಿಗೆ ಬಂದ ವಿಡಿಯೋದಲ್ಲಿ.

ಅದೇ ವರ್ಷ, 2020ರ ಸೆಪ್ಟೆಂಬರಿನಲ್ಲಿ, ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಮೀರಿ ಈ ಊರಿಗೆ ಚುನಾಯಿತ ಕಾರ್ಪೊರೇಟರೇ ಇರಲಿಲ್ಲ. ಕೆರೆ ಕೋಡಿ ಒಡೆದರೆ, ಕಸದ ಲಾರಿ ಬಾರದಿದ್ದರೆ, ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು, ನಮ್ಮದು ಉತ್ತರ ಪಾಲಿಕೆ, 72 ವಾರ್ಡು. ಆ ವಾರವೇ ಶುರುವಾಯಿತು ಯಂತ್ರವೋ ಕಾಗದವೋ ಎಂಬ ಜಗಳ. ಚುನಾವಣೆಯೇ ನಡೆಯದೆ ಐದು ವರ್ಷ ಏಕೆ ಕಳೆಯಿತು ಎಂದು ಅಂದು ರಾತ್ರಿ ಆ ಆರೇಳು ಜನರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ. ನನಗೆ ಯಂತ್ರದ ಮೇಲೆ ಅನುಮಾನವಿಲ್ಲ. ಜಾಲಹಳ್ಳಿಯ ಕೈಗಳನ್ನು ನಾನು ಬಲ್ಲೆ. ಕಾಗದವಾದರೂ ಸರಿ, ಗುಂಡಿಯಾದರೂ ಸರಿ, ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು. ಚಿಕ್ಕಪ್ಪನೂ ಇದನ್ನೇ ಹೇಳುತ್ತಿದ್ದರು ಎಂಬ ನಂಬಿಕೆ ನನ್ನದು.

ಇದನ್ನು ಓದುವವರಲ್ಲಿ ಜೆ.ಸಿ. ನಗರದ ಕೇಂದ್ರದಲ್ಲಿ ಕೆಲಸ ಮಾಡಿದವರು, ಈಗಲೂ ಮಾಡುತ್ತಿರುವವರು ಇರಬಹುದು. ಅವರಲ್ಲಿ ನನ್ನದೊಂದು ಕೋರಿಕೆ. 1981ರಿಂದ ಅಲ್ಲಿ ತಯಾರಾದ ಕನ್ನಡ ಧಾರಾವಾಹಿಗಳು, ನಾಟಕಗಳು, ಅನಂತಸ್ವಾಮಿ ಅಶ್ವತ್ಥರ ಗಾಯನ, ವಾರ್ತೆಗಳು, ಇವುಗಳಲ್ಲಿ ಉಳಿದಿರುವುದನ್ನೆಲ್ಲ ಕಪಾಟಿನಿಂದ ತೆಗೆದು ಜನರ ಮುಂದೆ ಇಡಿ. ಅದು ನಮ್ಮ ತೆರಿಗೆಯ ದುಡ್ಡಿನಿಂದ, ನಮ್ಮ ಜನರ ಕೈಯಿಂದ ಆದ ಕೆಲಸ. ಸಿಹಿಯಾದದ್ದನ್ನು ಮಾತ್ರ ಆರಿಸಬೇಡಿ. 1994ರ ಅಕ್ಟೋಬರ್ ಮೊದಲ ವಾರದ ಆ ಉರ್ದು ಸುದ್ದಿಯ ಟೇಪು ಉಳಿದಿದ್ದರೆ ಅದನ್ನೂ ಇಡಿ. ಹತ್ತು ನಿಮಿಷ ಕೂತು ನೋಡಿ, ಅದರಿಂದ ಕನ್ನಡಕ್ಕೆ ಏನು ನಷ್ಟವಾಗುತ್ತಿತ್ತು ಎಂಬುದನ್ನು ಇಂದಿನ ಹುಡುಗ ಹುಡುಗಿಯರು ತಾವೇ ತೀರ್ಮಾನಿಸಲಿ.